ಅಂಗಳದಲ್ಲಿ ಬಿಟ್ಟ ಟ್ರಾಲಿ ಮತ್ತು ಮನುಷ್ಯನ ಗುಣ

ಸೂಪರ್ ಮಾರ್ಕೆಟ್ಟಿನಲ್ಲಿ ಸಾಮಾನು ಕೊಂಡು, ಬಿಲ್ ಮಾಡಿಸಿ, ಹೊರಗೆ ನಿಂತ ಕಾರಿನ ಡಿಕ್ಕಿಗೆ ಚೀಲಗಳನ್ನೆಲ್ಲ ತುಂಬಿದ ಮೇಲೆ ಉಳಿಯುವ ಖಾಲಿ ಟ್ರಾಲಿಯನ್ನು ಒಬ್ಬ ಮನುಷ್ಯ ಏನು ಮಾಡುತ್ತಾನೆ ಎಂಬುದರಿಂದಲೇ ಅವನ ಗುಣವನ್ನು ಅಳೆಯಬಹುದು ಎನ್ನುವ ವಾದವೊಂದಿದೆ. 2020ರಲ್ಲಿ ಹೆಸರು ಹೇಳಿಕೊಳ್ಳದ ಯಾರೋ ಒಬ್ಬರು ಬರೆದ ಕೆಲವೇ ಸಾಲುಗಳಿಂದ ಅದು ಜಗತ್ತಿಗೆಲ್ಲ ಹರಡಿತು. ಟ್ರಾಲಿಯನ್ನು ಮರಳಿ ಜಾಗಕ್ಕೆ ಇಡುವುದು ಸುಲಭದ ಕೆಲಸ, ಅದು ಮಾಡಬೇಕಾದ ಕೆಲಸ ಎಂಬುದು ಎಲ್ಲರಿಗೂ ಗೊತ್ತು, ಇಡದಿದ್ದರೆ ದಂಡವಿಲ್ಲ, ಇಟ್ಟರೆ ಬಹುಮಾನವೂ ಇಲ್ಲ; ಆದ್ದರಿಂದ ಯಾರ ಬಲವಂತವೂ ಇಲ್ಲದೆ ತನ್ನನ್ನು ತಾನೇ ಆಳಿಕೊಳ್ಳಬಲ್ಲವರು ಯಾರು, ಕಾನೂನಿನ ಭಯವೊಂದರಿಂದಲೇ ನೆಟ್ಟಗಿರುವವರು ಯಾರು ಎಂಬುದನ್ನು ಇದು ಬೇರ್ಪಡಿಸಿ ತೋರಿಸುತ್ತದೆ ಎಂಬುದು ಆ ವಾದದ ತಿರುಳು.

ಈ ವಾದ ನಮ್ಮ ಕಡೆಗೆ ಸಂಬಂಧಿಸಿದ್ದಲ್ಲ ಎನ್ನುವ ಕಾಲ ಮುಗಿದಿದೆ. ಶಿರಸಿಯಲ್ಲಿ, ಕುಮಟೆಯಲ್ಲಿ, ಕಾರವಾರದಲ್ಲಿ ಈಗ ಟ್ರಾಲಿ ತಳ್ಳಿಕೊಂಡು ಸಾಮಾನು ಆರಿಸುವ ಅಂಗಡಿಗಳಿವೆ, ಅವುಗಳ ಮುಂದೆ ಕಾರು ನಿಲ್ಲಿಸುವ ಅಂಗಳಗಳಿವೆ, ಆ ಅಂಗಳಗಳಲ್ಲಿ ಅಡ್ಡಾದಿಡ್ಡಿಯಾಗಿ ನಿಂತ ಟ್ರಾಲಿಗಳೂ ಇವೆ. ಕೆಲವು ವರ್ಷಗಳಿಂದ ನಾನು ಇದನ್ನು ಗಮನಿಸುತ್ತ ಬಂದಿದ್ದೇನೆ. ಆ ವಾದ ಅರ್ಧ ನಿಜ ಎಂದು ನನಗೆ ಅನ್ನಿಸುತ್ತದೆ. ಟ್ರಾಲಿ ಮನುಷ್ಯನ ಬಗ್ಗೆ ಏನನ್ನೋ ಹೇಳುತ್ತದೆ ಎಂಬುದರಲ್ಲಿ ನನಗೆ ಸಂಶಯವಿಲ್ಲ. ಆದರೆ ಅದು ಹೇಳುವುದು ಸ್ವನಿಯಂತ್ರಣದ ವಿಷಯವನ್ನಲ್ಲ. ನಾವು ಬಿಟ್ಟ ಕೆಲಸವನ್ನು ಮುಂದೆ ಮಾಡಬೇಕಾದವರು ನಮ್ಮ ಕಣ್ಣಿಗೆ ಬೀಳುತ್ತಾರೋ ಇಲ್ಲವೋ ಎಂಬ ವಿಷಯವನ್ನು. ಈ ಎರಡೂ ಒಂದೇ ಅಲ್ಲ, ಮತ್ತು ನಮ್ಮ ಜಿಲ್ಲೆಯಂಥ ಕಡೆ ಎರಡನೆಯದೇ ಹೆಚ್ಚು ತೂಕದ್ದು.

ಟ್ರಾಲಿ ಹೇಗೆ ಹುಟ್ಟಿತು ಎಂಬುದನ್ನು ಮೊದಲು ನೋಡಬೇಕು, ಏಕೆಂದರೆ ಅದನ್ನು ಮರಳಿ ಇಡುವುದು ಯಾರ ಕೆಲಸ ಎಂಬ ಜಗಳದ ಬೇರು ಅಲ್ಲಿಯೇ ಇದೆ. 1937ರಲ್ಲಿ ಅಮೆರಿಕದ ಒಕ್ಲಹೋಮ ಸಿಟಿಯಲ್ಲಿ ಹಂಪ್ಟಿ ಡಂಪ್ಟಿ ಎಂಬ ಅಂಗಡಿಗಳ ಮಾಲೀಕರಾಗಿದ್ದ ಸಿಲ್ವನ್ ಗೋಲ್ಡ್‌ಮನ್ ಅವರು, ಮಡಚುವ ಕುರ್ಚಿಯ ಮಾದರಿಯ ಚೌಕಟ್ಟಿಗೆ ಗಾಲಿ ಹಚ್ಚಿ, ಅದರ ಮೇಲೊಂದು ಕೆಳಗೊಂದು ತಂತಿಬುಟ್ಟಿ ಕೂರಿಸಿ ಮೊದಲ ಗಾಡಿಯನ್ನು ತಂದರು. ಕೈಬುಟ್ಟಿ ಭಾರವಾದೊಡನೆ ಗಿರಾಕಿಗಳು ಕೊಳ್ಳುವುದನ್ನು ನಿಲ್ಲಿಸುತ್ತಾರೆ ಎಂಬುದು ಅವರ ಲೆಕ್ಕವಾಗಿತ್ತು. ಜನ ಅದನ್ನು ಮುಟ್ಟಲಿಲ್ಲ. ಕೈಲಾಗದವರಂತೆ ಕಾಣುತ್ತೇವೆ ಎಂದು ಗಂಡಸರು ಹಿಂಜರಿದರು, ಮಗುವಿನ ತಳ್ಳುಗಾಡಿ ತಳ್ಳಿದ್ದೇ ಸಾಕಾಗಿದೆ ಎಂದರು ಹೆಂಗಸರು. ಕೊನೆಗೆ ಗೋಲ್ಡ್‌ಮನ್ ಬೇರೆ ಬೇರೆ ವಯಸ್ಸಿನ ಗಂಡಸರನ್ನೂ ಹೆಂಗಸರನ್ನೂ ಸಂಬಳಕ್ಕೆ ಗೊತ್ತುಮಾಡಿ, ಗಿರಾಕಿಗಳಂತೆ ಗಾಡಿ ತಳ್ಳಿಕೊಂಡು ಅಂಗಡಿಯೊಳಗೆ ಓಡಾಡಲು ಬಿಟ್ಟರು. ಅದನ್ನು ನೋಡಿ ಉಳಿದವರು ಕಲಿತರು. ಒಂದರ ಹೊಟ್ಟೆಯೊಳಗೆ ಇನ್ನೊಂದು ತೂರಿಕೊಂಡು ಸಾಲಾಗಿ ನಿಲ್ಲುವ ಇಂದಿನ ವಿನ್ಯಾಸ ಬಂದದ್ದು 1946ರ ಹೊತ್ತಿಗೆ, ಕಾನ್ಸಾಸ್ ಸಿಟಿಯ ಓರ್ಲಾ ವಾಟ್ಸನ್ ಅವರಿಂದ.

ಗಿರಾಕಿಯೇ ಬುಟ್ಟಿ ಹಿಡಿದು ಸಾಮಾನು ಆರಿಸಿಕೊಳ್ಳುವ ಪದ್ಧತಿ ಬರುವ ಮೊದಲು ಅಲ್ಲಿಯೂ ಅಂಗಡಿಯೆಂದರೆ ನಮ್ಮ ಕಿರಾಣಿ ಅಂಗಡಿಯ ಹಾಗೆಯೇ ಇರುತ್ತಿತ್ತು. ಚೀಟಿ ಕೊಟ್ಟು ಕಟ್ಟೆಯ ಈಚೆ ನಿಂತರೆ ಅಂಗಡಿಯವರು ಅಳೆದು, ಪೊಟ್ಟಣ ಕಟ್ಟಿ, ದಾರ ಸುತ್ತಿ ಕೊಡುತ್ತಿದ್ದರು. ಹುಡುಕುವ, ಎತ್ತಿಕೊಳ್ಳುವ, ಹೊರುವ ಕೆಲಸವೆಲ್ಲ ಅಂಗಡಿಯದಾಗಿತ್ತು. ಹೊಸ ಪದ್ಧತಿಯಲ್ಲಿ ಆ ಕೆಲಸ ಗಿರಾಕಿಯ ಹೆಗಲಿಗೆ ಬಂತು, ಟ್ರಾಲಿ ಅದನ್ನು ಇನ್ನಷ್ಟು ಬೆಳೆಸಿತು. ಆದ್ದರಿಂದಲೇ, 'ಅರ್ಧ ಕೆಲಸ ನಾನೇ ಮಾಡಿದ್ದೇನೆ, ದುಡ್ಡನ್ನೂ ಕೊಟ್ಟಿದ್ದೇನೆ, ಖಾಲಿ ಗಾಡಿಯನ್ನೂ ನಾನೇ ಒಯ್ದು ಇಡಬೇಕೆ' ಎಂದು ಕೇಳುವವರನ್ನು ನಾನು ಸೋಮಾರಿಗಳು ಎಂದು ತಳ್ಳಿಹಾಕಲಾರೆ. ಅವರು ಎತ್ತುವ ಪ್ರಶ್ನೆಯಲ್ಲಿ ನ್ಯಾಯವಿದೆ. ಆದರೆ ಆ ಪ್ರಶ್ನೆ ಅಂಗಡಿಯ ಮಾಲೀಕರ ಮುಂದೆ ಇಡಬೇಕಾದದ್ದು. ಅಂಗಳದಲ್ಲಿ ಬಿಟ್ಟ ಟ್ರಾಲಿ ಮಾಲೀಕರ ತನಕ ಹೋಗಿ ಮುಟ್ಟುವುದೇ ಇಲ್ಲ.

ಅದು ಯಾರನ್ನು ಮುಟ್ಟುತ್ತದೆ ಎಂಬುದನ್ನು ಶಿರಸಿಯ ಒಂದು ಅಂಗಡಿಯ ಅಂಗಳದಲ್ಲಿ ಆಷಾಢದ ಒಂದು ಮಧ್ಯಾಹ್ನ ನೋಡಿದೆ. ಘಟ್ಟದ ಮೇಲಿನ ಮಳೆಯ ಬಗ್ಗೆ ನಮ್ಮವರಿಗೆ ಹೇಳಬೇಕಾಗಿಲ್ಲ. ಬಂದರೆ ಬಿಟ್ಟೂ ಬಿಡದೆ ಬರುತ್ತದೆ. ನಮ್ಮ ಊರುಗಳಲ್ಲಿ ಸಮತಟ್ಟಾದ ಜಾಗವೂ ಕಡಿಮೆ, ಹಾಗಾಗಿ ಆ ಅಂಗಳ ರಸ್ತೆಯ ಕಡೆಗೆ ಇಳಿಜಾರಾಗಿಯೇ ಇತ್ತು. ಅಂಗಡಿಯ ಒಬ್ಬ ಹುಡುಗಿ ರೇನ್‌ಕೋಟು ತೊಟ್ಟು ಚದುರಿ ಹೋಗಿದ್ದ ಟ್ರಾಲಿಗಳನ್ನು ಒಟ್ಟುಮಾಡುತ್ತಿದ್ದಳು. ಒಂದರ ಮುಂದಿನ ಗಾಲಿಗೆ ಗೋಣಿಚೀಲದ ಪ್ಲಾಸ್ಟಿಕ್ ದಾರ ಸುತ್ತಿಕೊಂಡು ಅದು ಎಡಕ್ಕೇ ಎಳೆಯುತ್ತಿತ್ತು. ಅವಳು ಮಳೆಯಲ್ಲಿ ಕುಕ್ಕರುಗಾಲಿನಲ್ಲಿ ಕುಳಿತು ಆ ದಾರವನ್ನು ಉಗುರಿನಿಂದ ಎಬ್ಬಿಸಿ ಬಿಡಿಸಿದಳು. ಇನ್ನೊಂದರ ತಳದಲ್ಲಿ ನೆನೆದು ಮುದ್ದೆಯಾದ ಬಿಲ್ಲು, ಹರಿವೆಯ ಎರಡು ಎಲೆ, ಯಾರೋ ತಿಂದು ಹಾಕಿದ ಬಾಳೆಹಣ್ಣಿನ ಸಿಪ್ಪೆ ಇದ್ದವು. ಅಷ್ಟರಲ್ಲಿ ಮೇಲಿನ ಕಡೆ ಯಾರೋ ಬಿಟ್ಟುಹೋದ ಟ್ರಾಲಿಯೊಂದು ತಾನಾಗಿಯೇ ಉರುಳಿಕೊಂಡು ಬಂದು ನಿಲ್ಲಿಸಿದ್ದ ಸ್ಕೂಟರಿಗೆ ಬಡಿಯಿತು. ಕನ್ನಡಿ ತಿರುಚಿಹೋಯಿತು. ಸ್ಕೂಟರಿನವರು ಅಂಗಡಿಯ ಮಾಡಿನ ಕೆಳಗಿನಿಂದ ಓಡಿಬಂದು ಬೈದದ್ದು ಆ ಹುಡುಗಿಗೆ. ಅವಳು ಏನೂ ಹೇಳಲಿಲ್ಲ. ಒದ್ದೆ ಕೈಯಿಂದ ಕನ್ನಡಿಯನ್ನು ನೆಟ್ಟಗೆ ಮಾಡಿ, ಟ್ರಾಲಿಯನ್ನು ಎಳೆದುಕೊಂಡು ಮೇಲಕ್ಕೆ ಹೋದಳು. ಟ್ರಾಲಿ ಬಿಟ್ಟವರ ಕಾರು ಅದಾಗಲೇ ರಸ್ತೆಗೆ ಇಳಿದಾಗಿತ್ತು.

ದಂಡವಿಲ್ಲ ಎಂದು ಆ ವಾದ ಹೇಳುತ್ತದೆ. ದಂಡ ಇತ್ತು. ಅದನ್ನು ತೆತ್ತವರು ಬೇರೆಯವರು, ಅಷ್ಟೇ.

ಹಾಗಾದರೆ ಟ್ರಾಲಿ ಬಿಟ್ಟುಹೋದವರು ಕೆಟ್ಟವರೆ? ಇಲ್ಲಿ ಅವಸರದ ತೀರ್ಪಿಗೆ ನಾನು ಒಪ್ಪುವುದಿಲ್ಲ, ಮತ್ತು ಒಪ್ಪದಿರಲು ನನಗೆ ಕಾರಣಗಳಿವೆ. ಸೊಂಟದಲ್ಲಿ ಕೂಸು, ಕೈಯಲ್ಲಿ ಕೊಡೆ, ಕಾರಿನೊಳಗೆ ಅಳುವ ಇನ್ನೊಂದು ಮಗು ಇರುವ ತಾಯಿ ಟ್ರಾಲಿಯನ್ನು ಅಲ್ಲಿಯೇ ಬಿಟ್ಟರೆ ಅವಳ ಗುಣದ ಬಗ್ಗೆ ನಮಗೆ ಏನೂ ತಿಳಿಯುವುದಿಲ್ಲ. ಮಂಡಿನೋವಿನ ಹಿರಿಯರಿಗೆ ಏರು ಅಂಗಳದಲ್ಲಿ ಇಪ್ಪತ್ತು ಹೆಜ್ಜೆಯೂ ದೊಡ್ಡದೇ. ಇವರನ್ನೆಲ್ಲ ಬದಿಗಿಟ್ಟರೂ, ಆರೋಗ್ಯವಂತರ ನಡತೆಯೇ ಗಡಿಯಾರದ ಮುಳ್ಳಿಗೆ ತಕ್ಕಂತೆ ಬದಲಾಗುತ್ತದೆ ಎಂಬುದನ್ನು ಸಂಶೋಧಕರು ತೋರಿಸಿದ್ದಾರೆ. ಅಮೆರಿಕದ ಪ್ರಿನ್ಸ್‌ಟನ್ನಿನಲ್ಲಿ ಜಾನ್ ಡಾರ್ಲಿ ಮತ್ತು ಡೇನಿಯಲ್ ಬ್ಯಾಟ್ಸನ್ ಅವರು ನಡೆಸಿ 1973ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಪಾದ್ರಿಗಳಾಗಲು ಓದುತ್ತಿದ್ದ ವಿದ್ಯಾರ್ಥಿಗಳನ್ನು ಒಂದು ಕಟ್ಟಡದಿಂದ ಇನ್ನೊಂದಕ್ಕೆ ಕಳುಹಿಸಿದರು. ದಾರಿಯಲ್ಲಿ ಒಬ್ಬ ಮನುಷ್ಯ ಬಾಗಿಲ ಬಳಿ ಕುಸಿದು ಕುಳಿತು ನರಳುತ್ತಿದ್ದ. ಸಮಯ ಧಾರಾಳವಾಗಿದೆ ಎಂದು ಹೇಳಿಸಿಕೊಂಡವರಲ್ಲಿ ನೂರಕ್ಕೆ 63 ಮಂದಿ ಏನಾದರೂ ನೆರವು ನೀಡಿದರು. ತಡವಾಗಿದೆ, ಬೇಗ ಹೋಗಿ ಎಂದು ಹೇಳಿಸಿಕೊಂಡವರಲ್ಲಿ ನೂರಕ್ಕೆ 10 ಮಂದಿ ಮಾತ್ರ. ಅವರಲ್ಲಿ ಕೆಲವರು ಉಪನ್ಯಾಸ ಕೊಡಲು ಹೊರಟಿದ್ದದ್ದು, ದಾರಿಯಲ್ಲಿ ಬಿದ್ದವನಿಗೆ ಅಪರಿಚಿತನೊಬ್ಬ ನೆರವಾದ ಬೈಬಲ್ಲಿನ ಕಥೆಯ ಮೇಲೆಯೇ. ಬಿದ್ದ ಮನುಷ್ಯನನ್ನೇ ದಾಟಿ ಹೋಗುವಂತೆ ಮಾಡುವ ಅವಸರ, ಟ್ರಾಲಿಯನ್ನು ಬಿಟ್ಟು ಹೋಗುವಂತೆ ಮಾಡುವುದರಲ್ಲಿ ಆಶ್ಚರ್ಯವೇನಿದೆ?

ಇದಕ್ಕಿಂತ ಹಿಂದಿನ ಇನ್ನೊಂದು ದೊಡ್ಡ ಅಧ್ಯಯನ 1928ರಿಂದ ಪ್ರಕಟವಾಗತೊಡಗಿದ ಹಾರ್ಟ್‌ಶಾರ್ನ್ ಮತ್ತು ಮೇ ಎಂಬ ಅಮೆರಿಕದ ಸಂಶೋಧಕರದು. ಸಾವಿರಾರು ಶಾಲಾಮಕ್ಕಳಿಗೆ ಮೋಸ ಮಾಡಲು, ಸುಳ್ಳು ಹೇಳಲು, ಸಣ್ಣದೇನನ್ನೋ ಕದಿಯಲು ಅವಕಾಶ ಸಿಗುವಂಥ ಬೇರೆ ಬೇರೆ ಸಂದರ್ಭಗಳನ್ನು ಒಡ್ಡಿ ನೋಡಿದಾಗ, ಒಂದು ಕಡೆ ಮೋಸ ಮಾಡಿದ ಮಗು ಇನ್ನೊಂದು ಕಡೆಯೂ ಮಾಡುತ್ತದೆ ಎಂದು ನೆಚ್ಚಿಕೊಳ್ಳಲು ಬರುವುದಿಲ್ಲ ಎಂಬುದು ಕಂಡುಬಂತು. ಅನೇಕ ಸಂದರ್ಭಗಳನ್ನು ಒಟ್ಟುಗೂಡಿಸಿ ನೋಡಿದಾಗ ಮಾತ್ರ ಒಂದು ಒಲವು ಗೋಚರಿಸುತ್ತದೆ ಎಂದು ಆಮೇಲಿನವರು ಅದೇ ಮಾಹಿತಿಯನ್ನು ಮತ್ತೆ ಪರಿಶೀಲಿಸಿ ಹೇಳಿದರು. ಒಂದು ದಿನ ಒಂದು ಅಂಗಳದಲ್ಲಿ ಬಿಟ್ಟ ಒಂದು ಟ್ರಾಲಿ ಮನುಷ್ಯನ ಅಂತರಂಗಕ್ಕೆ ಬೀಗದಕೈಯಾಗಲಾರದು ಎಂದು ನಾನು ನಂಬುವುದು ಈ ಕಾರಣಕ್ಕೆ.

ನಮ್ಮ ಕಡೆಯ ಅನುಭವವೂ ಇದನ್ನೇ ಹೇಳುತ್ತದೆ. ಅಡಿಕೆ ತೋಟದ ಹಳ್ಳಿಗಳಲ್ಲಿ ಮದುವೆ, ಉಪನಯನಗಳಿಗೆ ಊರಿನ ಪಾತ್ರೆಗಳನ್ನು ತರುವ ರೂಢಿ ಈಗಲೂ ಇದೆ. ಕೊಪ್ಪರಿಗೆ, ಹಂಡೆ, ಮಾರುದ್ದದ ಸಟ್ಟುಗ, ಅನ್ನ ಬಸಿಯುವ ದೊಡ್ಡ ಬುಟ್ಟಿ, ಎಲ್ಲವೂ ಊರವರು ಕೂಡಿ ಮಾಡಿಕೊಂಡದ್ದು. ದೇವಸ್ಥಾನದಲ್ಲೋ ಸಂಘದ ಕೋಣೆಯಲ್ಲೋ ಇರುತ್ತವೆ. ತರುವಾಗ ಎಣಿಸಿ ಪುಸ್ತಕದಲ್ಲಿ ಬರೆಸಬೇಕು, ಕೊಡುವಾಗ ತೊಳೆದು ಎಣಿಸಿ ಒಪ್ಪಿಸಬೇಕು. ತಳದ ಮಸಿ ಹೋಗಿರದ ಕೊಪ್ಪರಿಗೆಯನ್ನು ಮರಳಿಸಿದ ಮನೆಯ ಮಾತು ವರ್ಷಗಟ್ಟಲೆ ಊರಲ್ಲಿ ಉಳಿಯುತ್ತದೆ. ಹಾಗೆ ಪಾತ್ರೆಯನ್ನು ಫಳಫಳ ಹೊಳೆಯುವಂತೆ ಮರಳಿಸುವ ಅದೇ ಮನೆಯವರು ಸೊಪ್ಪಿನ ಬೆಟ್ಟದಲ್ಲಿ ಹೇಗೆ ನಡೆದುಕೊಳ್ಳುತ್ತಾರೆ ಎಂಬುದು ಬೇರೆಯೇ ಸಂಗತಿ. ಘಟ್ಟದ ಮೇಲೆ ಒಂದು ಎಕರೆ ಅಡಿಕೆ ತೋಟಕ್ಕೆ ಒಂಬತ್ತು ಎಕರೆಯವರೆಗೆ ಬೆಟ್ಟದ ಸೌಲಭ್ಯವನ್ನು ಬ್ರಿಟಿಷರ ಕಾಲದಿಂದ ಕೊಟ್ಟಿದ್ದಾರೆ. ತೋಟಕ್ಕೆ ಬೇಕಾದ ಸೊಪ್ಪು ಕಡಿಯಲು, ದರಕು ಎಂದರೆ ಉದುರಿದ ಒಣ ಎಲೆ ಒಟ್ಟುಮಾಡಲು ಅನುಮತಿಯಿದೆ, ನೆಲದ ಒಡೆತನ ಸರ್ಕಾರದ್ದು. ಕೆಲವರು ಮರದ ತುದಿ ಉಳಿಸಿ ಕವಲು ಬಿಟ್ಟು ಕಡಿಯುತ್ತಾರೆ, ಗಿಡ ನೆಡುತ್ತಾರೆ. ಇನ್ನು ಕೆಲವರ ಬೆಟ್ಟದಲ್ಲಿ ಕಂಬದಂತೆ ನಿಂತ ಬೋಳು ಮರಗಳು ಮಾತ್ರ ಉಳಿದಿವೆ. ಪಾತ್ರೆಯ ವಿಷಯದಲ್ಲಿ ಕಟ್ಟುನಿಟ್ಟಾದವರು ಬೆಟ್ಟದ ವಿಷಯದಲ್ಲಿ ಹಾಗಿಲ್ಲದಿರುವುದನ್ನೂ, ಪಾತ್ರೆಯ ಮಟ್ಟಿಗೆ ಉದಾಸೀನರಾದವರು ಬೆಟ್ಟವನ್ನು ಮಕ್ಕಳಂತೆ ಕಾಯುವುದನ್ನೂ ನಾನು ಕಂಡಿದ್ದೇನೆ. ಇವರಲ್ಲಿ ಯಾರ ಗುಣ ಮೇಲು ಎಂದು ಒಂದೇ ಪರೀಕ್ಷೆಯಿಂದ ಹೇಳುವುದು ಹೇಗೆ?

ಪಾತ್ರೆಯ ವಿಷಯದಲ್ಲಿ ಇನ್ನೂ ಒಂದು ಮಾತಿದೆ, ಅದನ್ನು ಹೇಳದೆ ಮುಂದೆ ಹೋಗುವುದು ಸರಿಯಲ್ಲ. ಊರಿನ ಪಾತ್ರೆಯನ್ನು ತೊಳೆದು ಒಪ್ಪಿಸಿದರು ಎಂಬ ಒಳ್ಳೆಯ ಹೆಸರು ಮನೆಯ ಯಜಮಾನರಿಗೆ ಸಲ್ಲುತ್ತದೆ. ಆದರೆ ಊಟ ಮುಗಿದು ನೆಂಟರೆಲ್ಲ ಚಾವಡಿಯಲ್ಲಿ ಕವಳ ಹಾಕುತ್ತ ಕುಳಿತಾಗ, ಹಿತ್ತಿಲ ಕಡೆ ಲೈಟಿನ ಬೆಳಕಿನಲ್ಲಿ ಬೂದಿ, ಹುಣಸೆಹಣ್ಣು, ತೆಂಗಿನ ನಾರು ಹಿಡಿದು ಆ ಕೊಪ್ಪರಿಗೆಯ ಒಳಗೇ ಅರ್ಧ ಇಳಿದು ತಿಕ್ಕಿದವರು ಮನೆಯ ಹೆಂಗಸರು ಮತ್ತು ಕೆಲಸಕ್ಕೆ ಬಂದವರು. ಮರಳಿಸಿದವರು ಒಬ್ಬರು, ಮರಳಿಸಲು ಬರುವಂತೆ ಮಾಡಿದವರು ಇನ್ನೊಬ್ಬರು. ನಮ್ಮ ಸಮಾಜದಲ್ಲಿ ಹೆಚ್ಚಿನ ಸ್ವಚ್ಛತೆ, ಹೆಚ್ಚಿನ ಅಚ್ಚುಕಟ್ಟುತನ ಹೀಗೆಯೇ ನಡೆದುಕೊಂಡು ಬಂದಿದೆ. ಅದರ ಹೆಸರು ಒಂದು ಕಡೆ, ಬೆವರು ಇನ್ನೊಂದು ಕಡೆ.

ದೂರದ ಸಂಬಂಧಿಯೊಬ್ಬರ ಜೊತೆ ಅಂಗಡಿಗೆ ಹೋಗಿದ್ದಾಗ ನಾನು ಟ್ರಾಲಿ ಇಡಲು ತಿರುಗಿದೆ. ಅವರು ಕಾರಿನ ಬಾಗಿಲು ತೆಗೆಯುತ್ತ, "ಬಿಡು ಭಾವ, ಅದಕ್ಕೆ ಜನ ಇದ್ದಾರಲ್ಲ" ಎಂದರು. ಅವರು ಒಳ್ಳೆಯ ಮನುಷ್ಯರು. ಊರಲ್ಲಿ ಯಾರ ಮನೆಯಲ್ಲಿ ಕಷ್ಟವಾದರೂ ಮೊದಲು ಹೋಗಿ ನಿಲ್ಲುವವರು, ಸಾಲ ಕೇಳಿದವರಿಗೆ ಇಲ್ಲ ಎನ್ನದವರು. ಆ ಮಾತನ್ನು ಅವರು ದರ್ಪದಿಂದ ಹೇಳಲಿಲ್ಲ. ನನ್ನ ಶ್ರಮ ಉಳಿಸುವ ಪ್ರೀತಿಯಿಂದಲೇ ಹೇಳಿದರು. ನನ್ನನ್ನು ಚಿಂತೆಗೆ ಹಚ್ಚಿದ್ದು ಅದೇ. ಎಷ್ಟು ಸಹಜವಾಗಿ ಆ ಮಾತು ಬಾಯಿಗೆ ಬರುತ್ತದೆ! ಊಟದ ಎಲೆ ತೆಗೆಯಲು ಜನ ಇದ್ದಾರೆ, ಚರಂಡಿ ಬಳಿಯಲು ಜನ ಇದ್ದಾರೆ, ಜಾತ್ರೆ ಮುಗಿದ ಮೇಲೆ ಗದ್ದುಗೆಯ ಸುತ್ತಲಿನ ಕಸ ಎತ್ತಲು ಜನ ಇದ್ದಾರೆ. ಆ ಜನ ಯಾರು ಎಂಬುದನ್ನು ಹುಟ್ಟಿನಿಂದಲೇ ನಿರ್ಧರಿಸಿಟ್ಟಿದ್ದ ಸಮಾಜದಲ್ಲಿ ತಲೆಮಾರುಗಳ ಕಾಲ ಬದುಕಿದ ನಮಗೆ, ಸೂಪರ್ ಮಾರ್ಕೆಟ್ಟಿನ ಅಂಗಳದಲ್ಲಿಯೂ ಆ ಭಾವನೆ ಕೆಲಸ ಮಾಡುತ್ತದೆ. ಯಾರೋ ಎಲ್ಲೋ ಬರೆದ ಆ ವಾದಕ್ಕೆ ಈ ಇತಿಹಾಸದ ಅರಿವಿಲ್ಲ. ಅಲ್ಲಿ ಅದು ನಾಗರಿಕನೂ ಅವನ ಆತ್ಮಸಾಕ್ಷಿಯೂ ನಡೆಸುವ ವ್ಯವಹಾರ. ಇಲ್ಲಿ ಅವರಿಬ್ಬರ ನಡುವೆ ರೇನ್‌ಕೋಟು ತೊಟ್ಟ ಹುಡುಗಿಯೊಬ್ಬಳು ಯಾವಾಗಲೂ ನಿಂತಿರುತ್ತಾಳೆ.

ಟ್ರಾಲಿ ಬಿಟ್ಟರೆ ಅವಳಿಗೆ ಕೆಲಸ ಉಳಿಯುತ್ತದೆ ಎನ್ನುವವರೂ ಇದ್ದಾರೆ. ನಾನು ಇದನ್ನು ಒಪ್ಪುವುದಿಲ್ಲ. ಸ್ಟ್ಯಾಂಡಿನಲ್ಲಿ ಸಾಲಾಗಿ ನಿಂತ ಟ್ರಾಲಿಗಳನ್ನು ಒಳಗೆ ಒಯ್ಯುವ ಕೆಲಸ ಹೇಗೂ ಇರುತ್ತದೆ. ಅದಕ್ಕಾಗಿಯೇ ಅವಳನ್ನು ನೇಮಿಸಿದ್ದಾರೆ. ಇಳಿಜಾರಿನ ನಾಲ್ಕು ಮೂಲೆಗೂ ಮಳೆಯಲ್ಲಿ ಓಡಿಸುವುದರಿಂದ ಅವಳ ಸಂಬಳ ಒಂದು ರೂಪಾಯಿಯೂ ಏರುವುದಿಲ್ಲ, ಸಂಜೆ ಮನೆಗೆ ಹೋಗುವ ಬಸ್ಸು ಮಾತ್ರ ತಪ್ಪಬಹುದು.

ಕಣ್ಣಿಗೆ ಕಾಣುವವರು, ಕಾಣದವರು ಎಂಬ ಈ ವ್ಯತ್ಯಾಸ ಎಷ್ಟು ಮುಖ್ಯ ಎಂಬುದಕ್ಕೆ 2019ರಲ್ಲಿ ಪ್ರಕಟವಾದ ಒಂದು ಅಧ್ಯಯನ ನೆನಪಾಗುತ್ತದೆ. ಭಾರತವೂ ಸೇರಿದಂತೆ 40 ದೇಶಗಳಲ್ಲಿ ಸಂಶೋಧಕರು 17 ಸಾವಿರಕ್ಕೂ ಹೆಚ್ಚು ಪರ್ಸುಗಳನ್ನು ಬ್ಯಾಂಕು, ಅಂಚೆ ಕಚೇರಿ, ಹೋಟೆಲುಗಳಂಥ ಕಡೆ 'ಬಿದ್ದು ಸಿಕ್ಕಿತು' ಎಂದು ಹೇಳಿ ಕೊಟ್ಟು, ಅಲ್ಲಿನವರು ಪರ್ಸಿನವರನ್ನು ಸಂಪರ್ಕಿಸುತ್ತಾರೋ ಇಲ್ಲವೋ ಎಂದು ನೋಡಿದರು. ಪರ್ಸು ಪಾರದರ್ಶಕವಾಗಿತ್ತು, ಒಳಗೆ ಹೆಸರು, ಇಮೇಲ್ ವಿಳಾಸದ ಕಾರ್ಡು ಕಾಣುತ್ತಿತ್ತು. ಹಣವಿಲ್ಲದ ಪರ್ಸಿಗಿಂತ ಹಣವಿದ್ದ ಪರ್ಸನ್ನೇ ಜನ ಹೆಚ್ಚಾಗಿ ಮರಳಿಸಿದರು. ಕೆಲವು ದೇಶಗಳಲ್ಲಿ ಬೀಗದಕೈ ಇದ್ದ ಪರ್ಸನ್ನೂ ಇಲ್ಲದ ಪರ್ಸನ್ನೂ ಹೋಲಿಸಿ ನೋಡಿದಾಗ, ಬೀಗದಕೈ ಇದ್ದದ್ದನ್ನು ಮರಳಿಸಿದವರೇ ಹೆಚ್ಚಾಗಿದ್ದರು. ಬೀಗದಕೈ ಸಿಕ್ಕಿದವರಿಗೆ ಉಪಯೋಗವಿಲ್ಲ, ಕಳೆದುಕೊಂಡವರಿಗೆ ಮಾತ್ರ ಅದರ ಬೆಲೆ ಗೊತ್ತು. ಅಂದರೆ ಎದುರಿಗಿರುವ ವ್ಯಕ್ತಿಯ ನಷ್ಟ ಮನಸ್ಸಿಗೆ ಬಂದಾಗ ಜನ ಒಳ್ಳೆಯವರಾಗುತ್ತಾರೆ, ಅದೂ ನಾವು ಅಂದುಕೊಂಡದ್ದಕ್ಕಿಂತ ಹೆಚ್ಚು. ಟ್ರಾಲಿಗೆ ಅಂಥ ಹೆಸರಿಲ್ಲ, ಮುಖವಿಲ್ಲ. ಅದರ ಹಿಂದಿರುವ ವ್ಯಕ್ತಿಯನ್ನು ನಾವೇ ಮನಸ್ಸಿಗೆ ತಂದುಕೊಳ್ಳಬೇಕು. ತಂದುಕೊಳ್ಳುವ ಆ ಅಭ್ಯಾಸವನ್ನೇ ನಾನು ಗುಣ ಎಂದು ಕರೆಯಲು ಇಷ್ಟಪಡುತ್ತೇನೆ, ಮತ್ತು ಅದು ಹುಟ್ಟಿನಿಂದ ಬರುವುದಲ್ಲ.

ಯೂರೋಪಿನಲ್ಲಿ ಇದಕ್ಕೆಲ್ಲ ಸುಲಭದ ಉಪಾಯ ಮಾಡಿದ್ದಾರೆ. ಜರ್ಮನಿಯ ಆಲ್ಡಿಯಂಥ ಅಂಗಡಿಗಳಲ್ಲಿ ಟ್ರಾಲಿಗಳನ್ನು ಸರಪಳಿಯಿಂದ ಬಿಗಿದಿರುತ್ತಾರೆ. ಒಂದು ಯೂರೋ ನಾಣ್ಯ ತೂರಿಸಿದರೆ ಬಿಚ್ಚಿಕೊಳ್ಳುತ್ತದೆ, ಮರಳಿ ತಂದು ಜೋಡಿಸಿದರೆ ನಾಣ್ಯ ಹೊರಬರುತ್ತದೆ. ಅಂಗಳ ಚೊಕ್ಕಟವಾಗಿರುತ್ತದೆ, ಆ ಹುಡುಗಿಗೆ ಉಪಕಾರವೂ ಆಗುತ್ತದೆ. ಇಲ್ಲಿಯೂ ಹಾಗೆ ಮಾಡಿದರೆ ನಾನು ವಿರೋಧಿಸುವುದಿಲ್ಲ. ಆದರೆ ಹಣ ನಡುವೆ ಬಂದಾಗ ಮನಸ್ಸಿನ ಲೆಕ್ಕ ಬದಲಾಗುತ್ತದೆ ಎಂಬುದೂ ನೆನಪಿರಬೇಕು. ಇಸ್ರೇಲಿನ ಹೈಫಾದಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಕೇಂದ್ರಗಳಲ್ಲಿ, ಸಂಜೆ ತಡವಾಗಿ ಬರುವ ತಂದೆತಾಯಿಯರಿಗೆ ಸಣ್ಣ ದಂಡ ಹಾಕಿ ನೋಡಿದ ಪ್ರಯೋಗವನ್ನು ಗ್ನೀಜಿ ಮತ್ತು ರುಸ್ತಿಚಿನಿ ಅವರು 2000ದಲ್ಲಿ ಪ್ರಕಟಿಸಿದರು. ತಡವಾಗಿ ಬರುವವರು ಕಡಿಮೆಯಾಗಲಿಲ್ಲ, ಹೆಚ್ಚು ಕಡಿಮೆ ಎರಡು ಪಟ್ಟಾದರು. ದಂಡ ಕೊಟ್ಟಾಯಿತಲ್ಲ, ಇನ್ನು ಸಂಕೋಚವೇಕೆ ಎಂದಾಯಿತು. ದಂಡವನ್ನು ತೆಗೆದುಹಾಕಿದ ಮೇಲೂ ಹಳೆಯ ಸಂಕೋಚ ಮರಳಿ ಬರಲಿಲ್ಲ. ಶಿಕ್ಷಕಿಯೊಬ್ಬರು ತಮ್ಮ ಮಗುವಿಗಾಗಿ ಮನೆಗೆ ಹೋಗದೆ ಕಾದಿದ್ದಾರೆ ಎಂಬ ಅರಿವನ್ನು ಆ ಚಿಕ್ಕ ಮೊತ್ತ ಅಳಿಸಿಹಾಕಿತ್ತು.

ಜನರ ನಡತೆಯನ್ನು ಜಾಗವೇ ತಿದ್ದುತ್ತದೆ, ಜಾಗವೇ ಕೆಡಿಸುತ್ತದೆ ಎಂಬುದಕ್ಕೆ ಟ್ರಾಲಿಯನ್ನೇ ಇಟ್ಟುಕೊಂಡು ಮಾಡಿದ ಒಂದು ಪ್ರಯೋಗವಿದೆ. ನೆದರ್ಲೆಂಡ್ಸಿನ ಗ್ರೋನಿಂಗನ್ ನಗರದಲ್ಲಿ ಕೀಸ್ ಕೈಜರ್ ಮತ್ತು ಸಂಗಡಿಗರು ಸೂಪರ್ ಮಾರ್ಕೆಟ್ಟಿನ ಪಾರ್ಕಿಂಗ್ ಜಾಗದಲ್ಲಿ ನಿಂತ ಕಾರುಗಳಿಗೆ ಕರಪತ್ರ ಸಿಕ್ಕಿಸಿಟ್ಟು, ಜನ ಅದನ್ನು ನೆಲಕ್ಕೆ ಎಸೆಯುತ್ತಾರೋ ಹೇಗೆ ಎಂದು ನೋಡಿದರು. ಟ್ರಾಲಿಗಳೆಲ್ಲ ಜಾಗದಲ್ಲಿದ್ದಾಗ ನೂರಕ್ಕೆ 30 ಮಂದಿ ಎಸೆದರು. ನಾಲ್ಕು ಟ್ರಾಲಿಗಳನ್ನು ಅಲ್ಲಿ ಇಲ್ಲಿ ಬಿಟ್ಟಾಗ 58 ಮಂದಿ ಎಸೆದರು. 2008ರಲ್ಲಿ ಅದು ಪ್ರಕಟವಾಯಿತು. ಶಿರಸಿಯಿಂದ ಕುಮಟೆಗೆ ದೇವಿಮನೆ ಘಟ್ಟದಲ್ಲಿ ಇಳಿಯುವವರು ಇದಕ್ಕೆ ಸಾಕ್ಷಿ ಹೇಳಬಲ್ಲರು. ಯಾವ ತಿರುವಿನಲ್ಲಿ ಮೊದಲ ಪ್ಲಾಸ್ಟಿಕ್ ಚೀಲ ಬಿತ್ತೋ ಆ ತಿರುವಿನಲ್ಲಿಯೇ ಗುಡ್ಡೆ ಬೆಳೆಯುತ್ತದೆ, ಮುಂದಿನ ತಿರುವು ಹಸಿರಾಗಿಯೇ ಇರುತ್ತದೆ. ಎರಡೂ ಕಡೆ ಹಾದುಹೋಗುವವರು ಅದೇ ಜನ. ಹಾಗಾಗಿ ಅಂಗಳದಲ್ಲಿ ಮೊದಲ ಟ್ರಾಲಿ ಬಿಟ್ಟವರ ಹೊಣೆ, ಏಳನೆಯ ಟ್ರಾಲಿ ಬಿಟ್ಟವರ ಹೊಣೆಗಿಂತ ಹೆಚ್ಚಿನದು ಎಂದು ನಾನು ತಿಳಿಯುತ್ತೇನೆ. ಏಳನೆಯವರಿಗೆ ಅಲ್ಲಿಯೇ ಬಿಡುವುದು ವಾಡಿಕೆಯಂತೆ ಕಂಡಿರುತ್ತದೆ.

ಇದೇ ಕಾರಣಕ್ಕೆ ಅಂಗಡಿಯವರ ಹೊಣೆಯೂ ಸಣ್ಣದಲ್ಲ. ಸ್ಟ್ಯಾಂಡನ್ನು ಬಾಗಿಲ ಒಳಗೆ ಇಟ್ಟುಕೊಂಡು, ಕಾರುಗಳನ್ನು ಅಂಗಳದ ಇನ್ನೊಂದು ತುದಿಯಲ್ಲಿ ನಿಲ್ಲಿಸಿ ಎಂದು ಹೇಳಿ, ಜನರಿಗೆ ಶಿಸ್ತಿಲ್ಲ ಎಂದು ದೂರುವುದು ಸರಿಯಲ್ಲ. ಮಳೆಗಾಲದಲ್ಲಿ ಅಂಗಳದ ನಡುವೆ ಒಂದು ತಗಡಿನ ಮಾಡು, ಅದರ ಕೆಳಗೆ ಉರುಳದಂತೆ ತಡೆಯುವ ಒಂದು ಕಂಬಿ, ಇಷ್ಟಿದ್ದರೆ ನಮ್ಮ ಜನ ಒಯ್ದು ಇಡುತ್ತಾರೆ ಎಂಬ ನಂಬಿಕೆ ನನಗಿದೆ. ಕಾರವಾರದ ಭಾನುವಾರದ ಸಂತೆಯಲ್ಲಿ ಹೊರೆ ಹೊತ್ತವರಿಗೆ ದಾರಿ ಬಿಡಿ ಎಂದು ಯಾರೂ ಬೋರ್ಡು ಹಾಕಿಲ್ಲ, ಜನ ಬಿಡುತ್ತಾರೆ. ಏಕೆಂದರೆ ಹೊರೆಯೂ ಅದನ್ನು ಹೊತ್ತವರೂ ಅಲ್ಲಿ ಎದುರಿಗೇ ಕಾಣುತ್ತಾರೆ.

ಇಷ್ಟೆಲ್ಲ ಹೇಳಿದ ಮೇಲೆ ನನ್ನ ತೀರ್ಪನ್ನು ಮುಚ್ಚಿಡುವುದಿಲ್ಲ. ಮಳೆಯಿಲ್ಲದ ದಿನ, ಕೈಕಾಲು ಗಟ್ಟಿಯಿದ್ದು, ಅವಸರವಿಲ್ಲದೆ, ಹತ್ತು ಹೆಜ್ಜೆಯಲ್ಲಿ ಸ್ಟ್ಯಾಂಡಿದ್ದರೂ, ಒಂದು ಸಲವಲ್ಲ, ಪ್ರತಿ ಸಲವೂ ಟ್ರಾಲಿಯನ್ನು ಬೇರೆಯವರ ಕಾರಿನ ಹಿಂದೆ ನಿಲ್ಲಿಸಿ ಹೋಗುವವರ ಬಗ್ಗೆ ನನ್ನ ಅಭಿಪ್ರಾಯ ಕಡಿಮೆಯಾಗುತ್ತದೆ. ಅವರು ಕಳ್ಳರು, ಮೋಸಗಾರರು ಎಂದು ನಾನು ಹೇಳುವುದಿಲ್ಲ. ಮನೆಯವರಿಗೆ, ನೆಂಟರಿಗೆ ಅವರು ಪ್ರಾಣವನ್ನೇ ಕೊಡುವವರಿರಬಹುದು. ಆದರೆ ಹೆಸರು ಗೊತ್ತಿಲ್ಲದ, ತಮಗೆ ಎಂದೂ ಪ್ರತಿಫಲ ಕೊಡಲಾರದ ಒಬ್ಬ ಮನುಷ್ಯರ ಬೆನ್ನಿನ ನೋವು ಅವರ ಲೆಕ್ಕಕ್ಕೆ ಬರುತ್ತಿಲ್ಲ ಎಂಬುದಂತೂ ನಿಜ, ಮತ್ತು ಪಟ್ಟಣಗಳು ಬೆಳೆದಂತೆ ನಾವೆಲ್ಲರೂ ಒಬ್ಬರಿಗೊಬ್ಬರು ಹೆಚ್ಚು ಹೆಚ್ಚು ಅಂಥ ಮನುಷ್ಯರೇ ಆಗುತ್ತಿದ್ದೇವೆ. ಪಾತ್ರೆ ಎಣಿಸುವ ಪುಸ್ತಕ ಹಳ್ಳಿಯಲ್ಲಿ ನಮ್ಮನ್ನು ಕಾಯುತ್ತಿತ್ತು. ಅಂಗಡಿಯ ಅಂಗಳದಲ್ಲಿ ಅಂಥ ಪುಸ್ತಕವಿಲ್ಲ.

ಆ ವಾದವನ್ನು ಬರೆದವರಿಗೆ ಹೊಳೆಯದ ಇನ್ನೊಂದು ಬಗೆಯ ಜನರನ್ನೂ ನಾನು ನೋಡಿದ್ದೇನೆ. ಇವರು ಅಂಗಡಿಗೆ ಬರುವಾಗಲೇ ಅಂಗಳದಲ್ಲಿ ಯಾರೋ ಬಿಟ್ಟ ಟ್ರಾಲಿಯನ್ನು ಹಿಡಿದುಕೊಂಡು, ಅದನ್ನೇ ತಳ್ಳಿಕೊಂಡು ಒಳಗೆ ಹೋಗುತ್ತಾರೆ. ಹೆಚ್ಚಿನವರು ವಯಸ್ಸಾದವರು, ಬಸ್ಸಿನಲ್ಲಿ ಬಂದವರು, ಹಳ್ಳಿಯವರು. ಒಮ್ಮೆ ಒಬ್ಬ ಅಜ್ಜಿ ಹಾಗೆ ಎರಡು ಟ್ರಾಲಿಗಳನ್ನು ಒಂದರೊಳಗೊಂದು ತೂರಿಸಿಕೊಂಡು ಬಂದರು. ಅವರಿಗೆ ಬೇಕಾದದ್ದು ಒಂದೇ. ಬಾಗಿಲ ಬಳಿ ಇದ್ದ ಹುಡುಗಿ, "ಬಿಡಿ ಅಮ್ಮ, ನಾನು ತರ್ತಿದ್ದೆ" ಎಂದಳು. "ಹೇಗೂ ಬರ್ತಾ ಇದ್ದೆನಲ್ಲ ತಂಗಿ" ಎಂದು ಹೇಳಿ, ಅಜ್ಜಿ ಒಂದನ್ನು ಅವಳಿಗೆ ಕೊಟ್ಟು ಇನ್ನೊಂದನ್ನು ತಾವು ತೆಗೆದುಕೊಂಡು ಒಳಗೆ ಹೋದರು. ತಾನು ತಂದದ್ದನ್ನು ಮರಳಿಸಿದರೆ ಕರ್ತವ್ಯ ಮುಗಿಯಿತು ಎನ್ನುವ ಲೆಕ್ಕದಲ್ಲಿ ಈ ಅಜ್ಜಿಗೆ ಎಷ್ಟು ಅಂಕ ಕೊಡಬೇಕು ಎಂಬುದು ನನಗೆ ಇಂದಿಗೂ ಬಗೆಹರಿದಿಲ್ಲ. ಅವರ ಹೆಸರಿನಲ್ಲಿ ಅಲ್ಲಿ ಯಾವ ಟ್ರಾಲಿಯೂ ಬಾಕಿ ಇರಲಿಲ್ಲ.